ಇಂಗ್ಲೆಂಡಿನ ಮಧ್ಯಯುಗದ ಹಳ್ಳಿ ಚರ್ಚುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಒಂದು ಚರ್ಚು ನೋಡಲು ಸಮಯವಿದೆ. ಯಾವುದನ್ನು ನೋಡಬೇಕು?

ಕಿಲ್‌ಪೆಕ್. ವೇಲ್ಸ್ ಗಡಿಗೆ ಹತ್ತಿರವಿರುವ ಹೆರೆಫರ್ಡ್‌ಷೈರ್ ಕೌಂಟಿಯಲ್ಲಿ, ಹೆರೆಫರ್ಡ್ ನಗರದಿಂದ ನೈಋತ್ಯಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿ ಇರುವ ಚಿಕ್ಕ ಹಳ್ಳಿ ಅದು. ಅಲ್ಲಿನ ಸೇಂಟ್ ಮೇರಿ ಮತ್ತು ಸೇಂಟ್ ಡೇವಿಡ್ ಚರ್ಚು ಕಟ್ಟಿದ್ದು 1140ರ ಸುಮಾರಿಗೆ. ಜನ ಕೂರುವ ನೇವ್, ಅದರ ಪೂರ್ವಕ್ಕೆ ಪಾದ್ರಿಗಳ ಚಾನ್ಸೆಲ್, ಕೊನೆಯಲ್ಲಿ ಅರೆವೃತ್ತದ ಏಪ್ಸ್: ಈ ಮೂರು ಕೋಣೆಗಳು ಒಂದರ ಹಿಂದೊಂದು ನಿಂತಿವೆ, ಅಷ್ಟೇ. ದೊಡ್ಡ ಗೋಪುರವಿಲ್ಲ, ಪಕ್ಕಸಾಲುಗಳಿಲ್ಲ (ನೇವ್‌ನ ಬದಿಗೆ, ಕಂಬಗಳ ಸಾಲಿನಾಚೆ ಸೇರಿಸುವ ಉದ್ದ ಭಾಗಗಳಿಲ್ಲ). 12ನೆಯ ಶತಮಾನದ ನಕ್ಷೆ ಹೆಚ್ಚುಕಡಿಮೆ ಹಾಗೇ ಉಳಿದಿರುವುದು ಇಂಗ್ಲೆಂಡಿನಲ್ಲಿ ಅಪರೂಪ. ಅದಕ್ಕಿಂತ ಅಪರೂಪವಾದದ್ದು ಅದರ ಕೆತ್ತನೆ.

ಆದರೆ ಕಿಲ್‌ಪೆಕ್ ಒಂದನ್ನೇ ನೋಡಿ ಹಳ್ಳಿ ಚರ್ಚುಗಳೆಲ್ಲ ಹೀಗೇ ಇರುತ್ತವೆ ಎಂದುಕೊಂಡರೆ ತಪ್ಪಾದೀತು. ಸಾಮಾನ್ಯ ಹಳ್ಳಿ ಚರ್ಚು ಎಂದರೆ ಐದಾರು ಶತಮಾನಗಳ ತೇಪೆಗಳ ಮೊತ್ತ. ಸಾಧ್ಯವಾದರೆ ಪೂರ್ವ ಇಂಗ್ಲೆಂಡಿನ ಸಫೋಕ್ ಕಡೆಯ ಲ್ಯಾವೆನಮ್ ಚರ್ಚನ್ನೂ ನೋಡಿ. ಎರಡನ್ನೂ ನೋಡಿದವರಿಗೆ ಇಡೀ ವಿಷಯದ ಎರಡು ತುದಿಗಳು ಸಿಕ್ಕಂತೆ.

ಕಿಲ್‌ಪೆಕ್ ಚರ್ಚನ್ನು ಕಟ್ಟಿಸಿದವರು ಯಾರು?

ಅಲ್ಲಿನ ನಾರ್ಮನ್ ಜಮೀನ್ದಾರರ ಮನೆತನ. ನಾರ್ಮನರೆಂದರೆ 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು. 1086ರ ಡೂಮ್ಸ್‌ಡೇ ಎಂಬ ಜಮೀನು ದಾಖಲೆಯಲ್ಲಿ ಈ ಜಾಗ ವಿಲಿಯಂ ಫಿಟ್ಸ್ ನಾರ್ಮನ್ ಎಂಬವನ ಕೈಯಲ್ಲಿದೆ. ಅವನ ವಂಶದ ಹ್ಯೂ ಎಂಬವನು 1134ರಲ್ಲಿ ಚರ್ಚನ್ನು ಗ್ಲಾಸ್ಟರ್‌ನ ಸೇಂಟ್ ಪೀಟರ್ ಮಠಕ್ಕೆ ದಾನ ಕೊಟ್ಟ. ಈಗ ಕಾಣುವ ಕಟ್ಟಡ ಅದರ ಆಸುಪಾಸಿನದು. ನೇವ್‌ನ ಈಶಾನ್ಯ ಮೂಲೆಯಲ್ಲಿ ಅದಕ್ಕೂ ಹಳೆಯ, ನಾರ್ಮನರಿಗೆ ಮುಂಚಿನ ಸ್ಯಾಕ್ಸನ್ ಕಾಲದ್ದೆನ್ನುವ ಕಲ್ಲುಗೋಡೆಯ ತುಣುಕು ಇದೆ. ಚರ್ಚಿನ ಪಶ್ಚಿಮಕ್ಕೆ ಹತ್ತಿಪ್ಪತ್ತು ಹೆಜ್ಜೆ ಹೋದರೆ ಕೋಟೆಯ ಮಣ್ಣಿನ ದಿಬ್ಬ ಸಿಗುತ್ತದೆ. ಕೋಟೆ, ಚರ್ಚು, ಹಳ್ಳಿ ಮೂರೂ ಒಂದೇ ಯೋಜನೆಯ ಭಾಗಗಳು. ಹೊಸದಾಗಿ ಗೆದ್ದ ಗಡಿನಾಡಿನಲ್ಲಿ ಯಜಮಾನ ಯಾರೆಂದು ಕಲ್ಲಿನಲ್ಲಿ ಬರೆದು ತೋರಿಸುವ ಅಗತ್ಯ ಅವರಿಗಿತ್ತು.

ಕೆತ್ತನೆಯಲ್ಲಿ ಏನೇನಿದೆ? ಎಲ್ಲಿಂದ ನೋಡಲು ಶುರುಮಾಡಬೇಕು?

ದಕ್ಷಿಣದ ಬಾಗಿಲಿನಿಂದ. ಬಾಗಿಲ ಮೇಲಿನ ಅರ್ಧಚಂದ್ರದ ಕಲ್ಲಿನಲ್ಲಿ ಜೀವವೃಕ್ಷ, ಅದರ ಸುತ್ತಿನ ಕಮಾನಿನಲ್ಲಿ ಕೊಕ್ಕುಳ್ಳ ತಲೆಗಳು ಮತ್ತು ವಿಚಿತ್ರ ಪ್ರಾಣಿಗಳು. ಎಡಗಡೆಯ ಕಂಬದಲ್ಲಿ ಬಳ್ಳಿಗಳ ನಡುವೆ ಸಿಕ್ಕಿಕೊಂಡಂತೆ ಇಬ್ಬರು ಯೋಧರು ಒಬ್ಬರ ಮೇಲೊಬ್ಬರು ನಿಂತಿದ್ದಾರೆ. ಉದ್ದ ಷರಾಯಿ, ಮೊನಚು ಟೋಪಿ. ಹೊರಗಿನ ಕಂಬಗಳಲ್ಲಿ ಹಾವುಗಳು ಒಂದರ ಬಾಲವನ್ನೊಂದು ಕಚ್ಚಿಕೊಂಡು ಹೆಣೆದುಕೊಂಡಿವೆ. ಪಶ್ಚಿಮದ ಗೋಡೆಗೆ ಹೋಗಿ ಮೇಲೆ ನೋಡಿದರೆ ಮೂಲೆಗಳಿಂದ ಬಾಯಿ ತೆರೆದ ಡ್ರಾಗನ್ ತಲೆಗಳು ಹೊರಚಾಚಿವೆ, ನಾಲಿಗೆ ಸುರುಳಿ ಸುತ್ತಿಕೊಂಡಿದೆ. ಸ್ಕ್ಯಾಂಡಿನೇವಿಯಾದ ಮರದ ಕೆತ್ತನೆಯ ನೆನಪು ತರುವಂಥ ಕೆಲಸ ಇದು.

ಒಳಗೆ ಚಾನ್ಸೆಲ್ ಕಮಾನಿನ ಎರಡೂ ಬದಿಯ ಕಂಬಗಳಲ್ಲಿ ಮೂರು ಮೂರು ಸಂತರನ್ನು ಒಬ್ಬರ ತಲೆಯ ಮೇಲೊಬ್ಬರನ್ನು ಕೆತ್ತಿದ್ದಾರೆ. ಕಂಬದ ಮೇಲೇ ಹೀಗೆ ಮೂರ್ತಿ ನಿಲ್ಲಿಸುವ ರೀತಿಗೆ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ಕಡೆ ಬೊಟ್ಟುಮಾಡುವುದುಂಟು. ಹತ್ತಿರದ ಶಾಬ್ಡನ್ ಚರ್ಚನ್ನು ಕಟ್ಟಿಸಿದ ಆಲಿವರ್ ಡಿ ಮರ್ಲಿಮಂಡ್ ಅಲ್ಲಿಗೆ ಯಾತ್ರೆ ಹೋಗಿಬಂದವನು. ಅದೇ ಕೈಗಳ, ಅಥವಾ ಅದೇ ತಂಡದ, ಕೆಲಸ ಸುತ್ತಮುತ್ತಲ ಹಲವು ಚರ್ಚುಗಳಲ್ಲಿದೆ: ಈರ್ಡ್ಸ್‌ಲಿ ಮತ್ತು ಕ್ಯಾಸಲ್ ಫ್ರೋಮ್‌ನ ದೀಕ್ಷಾಸ್ನಾನದ ತೊಟ್ಟಿಗಳು, ಬ್ರಿನ್ಸಪ್‌ನ ಸೇಂಟ್ ಜಾರ್ಜ್ ಶಿಲ್ಪ. ಕಲಾ ಇತಿಹಾಸಕಾರರು ಇದನ್ನೆಲ್ಲ ಒಟ್ಟಾಗಿ ಹೆರೆಫರ್ಡ್‌ಷೈರ್ ಶೈಲಿ ಎನ್ನುತ್ತಾರೆ. ಶಿಲ್ಪಿಗಳ ಹೆಸರು ಉಳಿದಿಲ್ಲ.

ಸೂರಿನ ಕೆಳಗಿರುವ ಆ ಸಣ್ಣ ಮುಖಗಳು ಯಾವುವು? ಒಂದು ಶಿಲ್ಪ ಅಶ್ಲೀಲವಾಗಿದೆಯಲ್ಲ!

ಅವು ಸೂರಿನ ಕಲ್ಲುಪಟ್ಟಿಯನ್ನು ಹೊರುವ ಚಾಚುಗಲ್ಲುಗಳು. 85 ಉಳಿದಿವೆ. ಬೇಟೆನಾಯಿ ಮತ್ತು ಮೊಲ ಕೆನ್ನೆಗೆ ಕೆನ್ನೆ ತಾಗಿಸಿ ಕೂತಿರುವ ಕಲ್ಲನ್ನು ಎಲ್ಲರೂ ಇಷ್ಟಪಡುತ್ತಾರೆ. ಟಗರು, ಹಂದಿ, ವಾದ್ಯ ನುಡಿಸುವವನು, ಬರೀ ಹಲ್ಲುಕಿಸಿಯುವ ಮುಖ, ಎಲ್ಲ ಇವೆ.

ನೀವು ಕೇಳುತ್ತಿರುವ ಶಿಲ್ಪಕ್ಕೆ ಶೀಲಾ ನ ಗಿಗ್ ಎಂಬ ಹೆಸರು. ತನ್ನ ಯೋನಿಯನ್ನು ಎರಡೂ ಕೈಗಳಿಂದ ತೆರೆದು ತೋರಿಸುವ ಹೆಣ್ಣು. ಫಲವಂತಿಕೆಯ ದೇವತೆ ಎನ್ನುವವರಿದ್ದಾರೆ, ಕಾಮದ ಪಾಪದ ಬಗ್ಗೆ ಎಚ್ಚರಿಕೆ ಎನ್ನುವವರಿದ್ದಾರೆ, ಕೆಟ್ಟ ದೃಷ್ಟಿಗೆ ತಡೆ ಎನ್ನುವವರೂ ಇದ್ದಾರೆ. 12ನೆಯ ಶತಮಾನದ ಯಾವ ಬರಹವೂ ಇದನ್ನು ಬಿಡಿಸಿ ಹೇಳುವುದಿಲ್ಲ. ಫ್ರಾನ್ಸ್ ಮತ್ತು ಸ್ಪೇನಿನ ಯಾತ್ರಾಮಾರ್ಗದ ಚರ್ಚುಗಳಲ್ಲೂ ಇಂಥ ಶಿಲ್ಪಗಳು ಇರುವುದರಿಂದ, ಕ್ರೈಸ್ತಪೂರ್ವ ದೇವತೆ ಇಲ್ಲಿ ಗುಟ್ಟಾಗಿ ಉಳಿದುಕೊಂಡಳು ಎಂಬ ಕಥೆಗೆ ಬಲ ಕಡಿಮೆ.

ಒಂಬತ್ತು ಶತಮಾನದ ಹತ್ತಿರಹತ್ತಿರ ಮಳೆ ಗಾಳಿಗೆ ನಿಂತರೂ ಕೆತ್ತನೆ ಹೇಗೆ ಉಳಿಯಿತು?

ಮೊದಲನೆಯದು ಕಲ್ಲು. ಹಳೆಯ ಕೆಂಪು ಮರಳುಗಲ್ಲು ಎಂದು ಕರೆಯುವ ಈ ಜಾತಿಯಲ್ಲಿ ಪುಡಿಯಾಗಿ ಉದುರುವ ಪದರಗಳೂ ಇವೆ, ಗಟ್ಟಿಯಾದವೂ ಇವೆ. ಕಿಲ್‌ಪೆಕ್‌ನವರಿಗೆ ಒಳ್ಳೆಯ ಪದರ ಸಿಕ್ಕಿತ್ತು. ಎರಡನೆಯದು ಮಾಡು, ಅಂದರೆ ಛಾವಣಿ. ಚಾಚುಗಲ್ಲುಗಳು ಸೂರಿನ ಮರೆಯಲ್ಲಿವೆ, ಮಳೆ ನೇರವಾಗಿ ಬೀಳುವುದಿಲ್ಲ.

ಮಾಡು ಎಷ್ಟು ಮುಖ್ಯ ಎಂಬುದಕ್ಕೆ ಶಾಬ್ಡನ್ ಸಾಕ್ಷಿ. ಅಲ್ಲಿನ ನಾರ್ಮನ್ ಚರ್ಚನ್ನು 1750ರ ದಶಕದಲ್ಲಿ ಕೆಡವಿ ಹೊಸದು ಕಟ್ಟಿದರು. ಹಳೆಯ ಕೆತ್ತನೆಯ ಕಮಾನುಗಳನ್ನು ಎಸೆಯದೆ, ಬಯಲ ದಿಬ್ಬದ ಮೇಲೆ ಅಲಂಕಾರಕ್ಕೆಂದು ನಿಲ್ಲಿಸಿದರು. ಚರ್ಚಿನೊಳಗೆ ಆರು ಶತಮಾನ ಕಳೆದ ಶಿಲ್ಪ, ಮಾಡಿಲ್ಲದೆ ಎರಡೂವರೆ ಶತಮಾನದಲ್ಲಿ ಗುರುತು ಸಿಗದಷ್ಟು ಸವೆದಿದೆ. ಉಳಿಸುವ ಸದುದ್ದೇಶವೇ ಇದ್ದಿರಬೇಕು. ಫಲ ಮಾತ್ರ ಕೆಡವಿದ್ದಕ್ಕಿಂತ ಹೆಚ್ಚು ಭಿನ್ನವಾಗಲಿಲ್ಲ.

ಬೇರೆ ಚರ್ಚುಗಳೆಲ್ಲ ಬದಲಾದಾಗ ಕಿಲ್‌ಪೆಕ್ ಏಕೆ ಬದಲಾಗಲಿಲ್ಲ?

ಊರಿಗೆ ದುಡ್ಡು ಬರಲಿಲ್ಲ. ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಬಗ್ಗೆ ಒಂದೇ ಒಂದು ಸೂತ್ರ ನೆನಪಿಡುವುದಾದರೆ ಇದನ್ನೇ ಇಡಿ: ಸಿರಿ ಬಂದ ಊರು ತನ್ನ ಹಳೆಯ ಚರ್ಚನ್ನು ಒಡೆದು ಹಿಗ್ಗಿಸಿತು, ಬಡವಾದ ಊರು ಇದ್ದುದನ್ನೇ ಇಟ್ಟುಕೊಂಡಿತು. ನಮಗೆ ಇಂದು ಅಮೂಲ್ಯವಾಗಿ ಕಾಣುವ ನಾರ್ಮನ್ ಚರ್ಚುಗಳಲ್ಲಿ ಬಹಳಷ್ಟು ಬಡತನದಿಂದ ಉಳಿದಂಥವು. ಕಿಲ್‌ಪೆಕ್ ಕೋಟೆಯ ಮಹತ್ವ ಇಳಿಯಿತು, ಗ್ಲಾಸ್ಟರ್ ಮಠ ಅಲ್ಲಿ ನಡೆಸುತ್ತಿದ್ದ ಶಾಖೆ 1428ರಲ್ಲಿ ಮುಚ್ಚಿತು, ಚರ್ಚಿನ ಪಕ್ಕದ ಹಳೆಯ ಹಳ್ಳಿ ಖಾಲಿಯಾಗಿ ಈಗ ಹುಲ್ಲಿನಡಿ ಉಬ್ಬುತಗ್ಗುಗಳಾಗಿ ಮಾತ್ರ ಕಾಣುತ್ತದೆ.

ಇದಕ್ಕೆ ಎದುರು ತುದಿ ಲ್ಯಾವೆನಮ್. ಉಣ್ಣೆಬಟ್ಟೆ ವ್ಯಾಪಾರದಿಂದ ಕೊಬ್ಬಿದ ಊರು. ಅಲ್ಲಿನ ನೇವ್ ಮತ್ತು ಗೋಪುರವನ್ನು 1485ರಿಂದ ಸುಮಾರು 1525ರವರೆಗೆ ಹೊಸದಾಗಿ ಕಟ್ಟಿದರು. 1523ರಲ್ಲಿ ತೀರಿಕೊಂಡ ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್ ಗೋಪುರ ಮುಗಿಸಲು 200 ಪೌಂಡ್ ಬರೆದಿಟ್ಟ. 43 ಮೀಟರ್ ಎತ್ತರದ ಆ ಗೋಪುರದ ತುದಿಯಲ್ಲಿ ಸ್ಪ್ರಿಂಗ್ ಮನೆತನದ ಲಾಂಛನವನ್ನು ಮತ್ತೆ ಮತ್ತೆ ಕೆತ್ತಿದ್ದಾರೆ. ಹತ್ತಿರದ ಲಾಂಗ್ ಮೆಲ್ಫರ್ಡ್‌ನಲ್ಲಂತೂ ದಾನಿಗಳ ಹೆಸರುಗಳನ್ನು ಹೊರಗೋಡೆಯ ಉದ್ದಕ್ಕೂ ಬರೆಸಿ, ಅವರ ಆತ್ಮಕ್ಕಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡಿದ್ದಾರೆ.

ಚಾನ್ಸೆಲ್ ಒಂದು ಥರ, ನೇವ್ ಇನ್ನೊಂದು ಥರ ಇರುತ್ತದೆ. ಒಂದೇ ಕಟ್ಟಡದಲ್ಲಿ ಹೀಗೇಕೆ?

ಖರ್ಚು ಕೊಡುವವರು ಬೇರೆ ಬೇರೆ. 13ನೆಯ ಶತಮಾನದ ಹೊತ್ತಿಗೆ ನಿಯಮ ಗಟ್ಟಿಯಾಗಿತ್ತು: ಬಲಿಪೀಠವಿರುವ ಚಾನ್ಸೆಲ್ ರಿಪೇರಿ ರೆಕ್ಟರನದು, ನೇವ್ ಊರವರದು. ರೆಕ್ಟರ್ ಎಂದರೆ ಊರಿನ ಬೆಳೆಯ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ಪಡೆಯುವ ಹಕ್ಕುದಾರ. ಎಷ್ಟೋ ಕಡೆ ಆ ಹಕ್ಕು ದೂರದ ಮಠವೊಂದರ ಕೈಯಲ್ಲಿತ್ತು. ಮಠ ದೊಡ್ಡ ಪಾಲು ತೆಗೆದುಕೊಂಡು, ಪೂಜೆಗೆ ವಿಕಾರ್ ಎಂಬ ಕಡಿಮೆ ಸಂಬಳದ ಬದಲಿ ಪಾದ್ರಿಯನ್ನು ನೇಮಿಸಿ, ಚಾನ್ಸೆಲ್‌ಗೆ ಎಷ್ಟು ಬೇಕೋ ಅಷ್ಟೇ ಖರ್ಚು ಮಾಡುತ್ತಿತ್ತು. ಹಾಗಾಗಿ ಲ್ಯಾವೆನಮ್‌ನಂಥ ಶ್ರೀಮಂತ ಊರಲ್ಲೂ ಭಾರೀ ನೇವ್‌ನ ಹಿಂದೆ 14ನೆಯ ಶತಮಾನದ ತಗ್ಗು ಚಾನ್ಸೆಲ್ ಹಾಗೇ ಕೂತಿದೆ. ತಿರುವುಮುರುವು ಕೂಡ ಇದೆ. ಲಿಂಕನ್‌ಷೈರಿನ ಹೆಕಿಂಗ್ಟನ್‌ನಲ್ಲಿ ಚಾನ್ಸೆಲ್ ಅದ್ಭುತವಾಗಿದೆ, ಯಾಕೆಂದರೆ ಅದನ್ನು ಕಟ್ಟಿಸಿದ ರಿಚರ್ಡ್ ಡಿ ಪಾಟ್ಸ್‌ಗ್ರೇವ್ ಎಂಬ ಪಾದ್ರಿ ದೊರೆ 2ನೆಯ ಎಡ್ವರ್ಡನ ಆಪ್ತವಲಯದವನು.

ಈ ನಿಯಮ ಸತ್ತಿಲ್ಲ. ದೊರೆ 8ನೆಯ ಹೆನ್ರಿ 1536–40ರಲ್ಲಿ ಮಠಗಳನ್ನು ಮುಚ್ಚಿದಾಗ ದಶಮಾಂಶದ ಹಕ್ಕುಗಳು ಖಾಸಗಿಯವರಿಗೆ ಮಾರಾಟವಾದವು, ಜೊತೆಗೆ ರಿಪೇರಿಯ ಹೊಣೆಯೂ ಹೋಯಿತು. ಮುಂದೆ ದಶಮಾಂಶದ ಬದಲು ಜಮೀನು ಕೊಟ್ಟ ಕಡೆ ಹೊಣೆ ಆ ಜಮೀನಿಗೆ ಅಂಟಿಕೊಂಡಿತು. ವಾರಿಕ್‌ಷೈರಿನ ಆಸ್ಟನ್ ಕ್ಯಾಂಟ್ಲೋನಲ್ಲಿ ಅಂಥ ಜಮೀನಿನ ಒಡೆಯರಾಗಿದ್ದ ದಂಪತಿಗೆ ಚರ್ಚು ರಿಪೇರಿಯ ಬಿಲ್ ಕಳಿಸಿತು. ಮೊಕದ್ದಮೆ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2003ರಲ್ಲಿ ದಂಪತಿ ಸೋತರು. ಆಗ ಮೊತ್ತ ಸುಮಾರು 95 ಸಾವಿರ ಪೌಂಡ್. ಕೆಲವೇ ವರ್ಷದಲ್ಲಿ ಅದು ಇಮ್ಮಡಿಯ ಹತ್ತಿರ ಬಂತು. ಇದಾದ ಮೇಲೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆ ಕೊಳ್ಳುವವರ ವಕೀಲರು ಚಾನ್ಸೆಲ್ ರಿಪೇರಿಯ ಹೊಣೆ ಇದೆಯೇ ಎಂದು ಹುಡುಕಿಸುವುದು ವಾಡಿಕೆಯಾಯಿತು. 2013ರ ಅಕ್ಟೋಬರ್ 13ರೊಳಗೆ ಭೂದಾಖಲೆಯಲ್ಲಿ ನೋಂದಾಯಿಸದ ಹೊಣೆ, ಆಮೇಲೆ ಬೆಲೆ ಕೊಟ್ಟು ಕೊಂಡವರಿಗೆ ಸಾಮಾನ್ಯವಾಗಿ ಅಂಟುವುದಿಲ್ಲ. ಇಂಗ್ಲೆಂಡಿನಲ್ಲಿ ಹಳ್ಳಿಮನೆ ಕೊಳ್ಳುವ ಕನ್ನಡಿಗರಿದ್ದರೆ ಈ ಪರಿಶೀಲನೆಯನ್ನು ಬಿಡಬೇಡಿ.

ಕಣ್ಣಳತೆಯಲ್ಲೇ ಚರ್ಚಿನ ಕಾಲ ಹೇಳುವುದು ಹೇಗೆ?

ಕಿಟಕಿ ನೋಡಿ. ಗೋಡೆ ಸುಳ್ಳು ಹೇಳಬಹುದು, ಕಿಟಕಿಯೂ ಹೇಳಬಹುದು, ಆದರೆ ಕಿಟಕಿಯ ಸುಳ್ಳನ್ನು ಹಿಡಿಯುವುದು ಸುಲಭ.

1066ಕ್ಕೆ ಮುಂಚಿನ ಸ್ಯಾಕ್ಸನ್ ಕಿಟಕಿ ಚಿಕ್ಕದು. ತಲೆ ದುಂಡಗೆ, ಇಲ್ಲವೇ ಎರಡು ಕಲ್ಲು ಆನಿಸಿಟ್ಟ ತ್ರಿಕೋನ. ಕಟ್ಟಡದ ಮೂಲೆಗಳಲ್ಲಿ ಒಂದು ಉದ್ದಕಲ್ಲು ನೆಟ್ಟಗೆ, ಮುಂದಿನದು ಅಡ್ಡ, ಹೀಗೆ ಬದಲಿಸಿ ಕಟ್ಟಿದ್ದರೆ ಅದು ಸ್ಯಾಕ್ಸನ್ ಗುರುತು. ನಾರ್ತಾಂಪ್ಟನ್‌ಷೈರಿನ ಅರ್ಲ್ಸ್ ಬಾರ್ಟನ್ ಗೋಪುರದಲ್ಲಿ ಇದೆಲ್ಲ ಒಂದೇ ಕಡೆ ಇದೆ. ಡರಮ್ ಕೌಂಟಿಯ ಎಸ್ಕಮ್ ಚರ್ಚು ಇನ್ನೂ ಹಳೆಯದು, 7ನೆಯ ಶತಮಾನದ ಕೊನೆಯದು, ರೋಮನರ ಕಟ್ಟಡದಿಂದ ಕಿತ್ತುತಂದ ಕಲ್ಲುಗಳಿಂದ ಕಟ್ಟಿದ್ದು.

ನಾರ್ಮನ್ ಎಂದರೆ ದುಂಡು ಕಮಾನು, ದಪ್ಪ ಕಂಬ, ಅಂಕುಡೊಂಕು ಗೆರೆಯ ಕೆತ್ತನೆ. ಸುಮಾರು 1190ರ ಮೇಲೆ ಕಮಾನು ಮೊನಚಾಗುತ್ತದೆ, ಕಿಟಕಿ ಈಟಿಯಂತೆ ಉದ್ದ ಸಪೂರ. 1290ರಿಂದ 1350ರ ನಡುವೆ ಕಿಟಕಿಯ ಮೇಲ್ಭಾಗದ ಕಲ್ಲಿನ ಜಾಲರಿ ಬಳುಕುತ್ತದೆ, ಎಲೆ ಬಲೆ ಜ್ವಾಲೆಯ ಆಕಾರಗಳು ಬರುತ್ತವೆ. 1348–49ರ ಮಹಾಮಾರಿ ಪ್ಲೇಗಿನ ಹೊತ್ತಿನಿಂದ ಆಚೆಗೆ ಜಾಲರಿಯ ಕಡ್ಡಿಗಳು ನೆಟ್ಟಗಾಗುತ್ತವೆ, ಕಿಟಕಿ ಅಗಲವಾಗುತ್ತದೆ, ಗೋಡೆಗಿಂತ ಗಾಜೇ ಹೆಚ್ಚು ಅನ್ನಿಸುತ್ತದೆ. ಈ ನೇರಗೆರೆಯ ಶೈಲಿ 1530ರ ದಶಕದವರೆಗೆ ನಡೆಯಿತು. ಈ ಶೈಲಿಗಳಿಗೆ ಹೆಸರಿಟ್ಟವನು ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್, 1817ರಲ್ಲಿ. ಕಟ್ಟಿದವರಿಗೆ ಆ ಹೆಸರುಗಳೇ ಗೊತ್ತಿರಲಿಲ್ಲ.

ಎಡವುವುದು ಮೂರು ಕಡೆ. ಹಳೆಯ ಗೋಡೆಯಲ್ಲಿ ಹೊಸ ಕಿಟಕಿ ಕೂರಿಸುವುದು ಸರ್ವೇಸಾಮಾನ್ಯ, ಹಾಗಾಗಿ ಕಿಟಕಿ ಗೋಡೆಯ ಕಾಲ ಹೇಳುವುದಿಲ್ಲ. ಗೋಡೆ ಸಾಮಾನ್ಯವಾಗಿ ಅಷ್ಟಾದರೂ ಹಳೆಯದು ಎಂದಷ್ಟೇ ಹೇಳುತ್ತದೆ. ಅಂದದ ನಾರ್ಮನ್ ಬಾಗಿಲನ್ನು ಪಕ್ಕಸಾಲು ಕಟ್ಟಿದಾಗ ಬಿಚ್ಚಿ ಹೊರಗೋಡೆಯಲ್ಲಿ ಮತ್ತೆ ಜೋಡಿಸುತ್ತಿದ್ದರು. ಮೂರನೆಯದು 19ನೆಯ ಶತಮಾನದ ನಕಲು. ಅಂಚುಗಳು ತೀರಾ ಚೂಪಾಗಿ, ಎಲ್ಲ ಕಲ್ಲೂ ಒಂದೇ ಬಣ್ಣವಾಗಿ, ಎಡಬಲ ತೂಗಿ ಅಳೆದಂತಿದ್ದರೆ ಅನುಮಾನಪಡಿ.

ನಿಂತಿರುವ ಗೋಡೆಗೆ ಪಕ್ಕಸಾಲು ಸೇರಿಸುತ್ತಿದ್ದುದು ಹೇಗೆ? ಮಾಡು ಬೀಳುತ್ತಿರಲಿಲ್ಲವೇ?

ಗೋಡೆ ಕೆಡವುತ್ತಿರಲಿಲ್ಲ, ಕೊರೆಯುತ್ತಿದ್ದರು. ಮೊದಲು ಹೊರಗಡೆ ಹೊಸ ಪಕ್ಕಗೋಡೆ ಕಟ್ಟಿ ಮಾಡು ಹಾಕುವುದು; ಆವರೆಗೂ ಒಳಗೆ ಪೂಜೆ ನಡೆಯುತ್ತಲೇ ಇರುತ್ತದೆ. ಆಮೇಲೆ ಹಳೆಯ ಗೋಡೆಯಲ್ಲಿ ಕಂಬ ಬರಬೇಕಾದಲ್ಲಿ ಕಿರಿದಾದ ಗೂಡು ಕೊರೆದು, ಮರದ ಆಸರೆ ಕೊಟ್ಟು, ಕಂಬ ನಿಲ್ಲಿಸುವುದು. ಎರಡು ಕಂಬಗಳಾದ ಮೇಲೆ ನಡುವೆ ಕಮಾನಿನ ಆಕಾರಕ್ಕೆ ಗೋಡೆ ಬಿಡಿಸಿ ಕಮಾನುಗಲ್ಲು ಕೂರಿಸಿ, ಗಾರೆ ಗಟ್ಟಿಯಾದ ಮೇಲೆ ಕೆಳಗಿನ ಗೋಡೆ ತೆಗೆಯುವುದು. ಕಮಾನುಗಳ ಮೇಲೆ ಉಳಿಯುವ ಗೋಡೆ ಹಳೆಯದೇ. ಅದಕ್ಕೇ ಎಷ್ಟೋ ಚರ್ಚುಗಳಲ್ಲಿ 13ನೆಯ ಶತಮಾನದ ಕಮಾನಿನ ಮೇಲೆ ಮುಚ್ಚಿಹೋದ ಸ್ಯಾಕ್ಸನ್ ಕಿಟಕಿಯ ಅರ್ಧ ಕಾಣುತ್ತದೆ. ಉತ್ತರದ ಪಕ್ಕಸಾಲು ಮೊದಲು ಕಟ್ಟಿರುವುದು ಹೆಚ್ಚು. ದಕ್ಷಿಣದಲ್ಲಿ ಸಮಾಧಿಗಳೂ ಮುಖ್ಯ ಬಾಗಿಲೂ ಇರುತ್ತಿದ್ದವು.

ತೊಂದರೆ ಆಮೇಲೆ ಬರುತ್ತದೆ. ಮೊದಲು ಗೋಡೆಯುದ್ದಕ್ಕೂ ಹರಡಿದ್ದ ಭಾರ ಈಗ ನಾಲ್ಕೈದು ಕಂಬಗಳ ಮೇಲೆ, ಅದೂ ಆಳವಿಲ್ಲದ ಅಡಿಪಾಯದ ಮೇಲೆ. ಕಂಬಗಳ ಸಾಲು ಹೊರಕ್ಕೆ ವಾಲಿರುವ ಚರ್ಚುಗಳು ಬೇಕಾದಷ್ಟಿವೆ.

ನಾರ್ಫೋಕ್‌ನಲ್ಲಿ ಗೋಪುರಗಳು ದುಂಡಗೆ ಏಕೆ?

ಅಲ್ಲಿ ನೆಲದಲ್ಲಿ ಸಿಗುವುದು ಚಕಮಕಿ ಕಲ್ಲಿನ ಉಂಡೆ. ಅದರಿಂದ ಗೋಡೆ ಕಟ್ಟಬಹುದು, ಚೌಕದ ಮೂಲೆ ಕಟ್ಟುವುದು ಕಷ್ಟ. ಮೂಲೆಗೆ ಬೇಕಾದ ಕಲ್ಲನ್ನು ದೂರದಿಂದ ತರಿಸಬೇಕು. ಇದು ಒಂದು ಕಾರಣ. ಆದರೆ ಮೂಲೆಗಲ್ಲು ಸಿಗುತ್ತಿದ್ದ ಕಾಲದಲ್ಲೂ ದುಂಡು ಗೋಪುರ ಕಟ್ಟಿದ್ದಾರೆ, ಆದ್ದರಿಂದ ಆ ಸೀಮೆಯ ರುಚಿಯೂ ಹೌದು. ನಾರ್ಫೋಕ್ ಒಂದರಲ್ಲೇ 120ಕ್ಕೂ ಹೆಚ್ಚು ಇವೆ.

ಒಳಗೋಡೆಗಳು ಮೊದಲಿನಿಂದಲೂ ಬಿಳಿಯೇ?

ಇಲ್ಲ. ನೆಲದಿಂದ ಮಾಡಿನವರೆಗೆ ಬಣ್ಣದ ಚಿತ್ರಗಳಿದ್ದವು. ಉತ್ತರದ ಗೋಡೆಯಲ್ಲಿ, ಬಾಗಿಲಿನಿಂದ ಒಳಬಂದವರ ಕಣ್ಣಿಗೆ ಬೀಳುವಂತೆ ಸಂತ ಕ್ರಿಸ್ಟೋಫರ್; ಅವನನ್ನು ಕಂಡ ದಿನ ಅಕಾಲ ಮರಣ ಬಾರದೆಂಬ ನಂಬಿಕೆ. ಚಾನ್ಸೆಲ್ ಕಮಾನಿನ ಮೇಲೆ ಕೊನೆಯ ತೀರ್ಪಿನ ಚಿತ್ರ, ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನರಕದ ಬಾಯಿ. ಅದರ ಮುಂದೆ ಶಿಲುಬೆಯ ಯೇಸು, ಮರಿಯಾ, ಯೋವಾನರ ಮರದ ಮೂರ್ತಿಗಳು, ಅವುಗಳ ಕೆಳಗೆ ಅಟ್ಟ ಮತ್ತು ಕೆತ್ತನೆಯ ಮರದ ತೆರೆ. 1547–48ರಲ್ಲಿ ಬಾಲದೊರೆ 6ನೆಯ ಎಡ್ವರ್ಡನ ಪ್ರಾಟೆಸ್ಟಂಟ್ ಸರ್ಕಾರ, ಮೂರ್ತಿಪೂಜೆ ಸಲ್ಲದೆಂದು, ಮೂರ್ತಿಗಳನ್ನು ತೆಗೆಸಿ ಚಿತ್ರಗಳಿಗೆ ಸುಣ್ಣ ಬಳಿಸಿತು. 1561ರಲ್ಲಿ ಎಲಿಜಬೆತ್ ರಾಣಿ ಅಟ್ಟ ಇಳಿಸಿ, ತೆರೆ ಇರಲಿ ಎಂದು ಆಜ್ಞೆ ಕೊಟ್ಟಳು. ಗೋಡೆಯ ಎತ್ತರದಲ್ಲಿ ಎಲ್ಲಿಗೂ ಹೋಗದ ಬಾಗಿಲೊಂದು ಕಂಡರೆ, ಅದು ಆ ಅಟ್ಟಕ್ಕೆ ಹತ್ತುತ್ತಿದ್ದ ಮೆಟ್ಟಿಲಿನದು.

ಸುಣ್ಣ ಬಳಿದದ್ದೇ ಚಿತ್ರಗಳನ್ನು ಉಳಿಸಿತು. ಯಾರ್ಕ್‌ಷೈರಿನ ಪಿಕರಿಂಗ್‌ನಲ್ಲಿ 15ನೆಯ ಶತಮಾನದ ಚಿತ್ರಗಳು 1852ರಲ್ಲಿ ಮತ್ತೆ ಹೊರಬಂದವು. ಸಫೋಕ್‌ನ ವೆನ್ಹಾಸ್ಟನ್‌ನದು ಇನ್ನೂ ಸ್ವಾರಸ್ಯದ್ದು. ಸುಣ್ಣ ಬಳಿದ ಹಳೆಯ ಹಲಗೆಗಳನ್ನು 1892ರಲ್ಲಿ ಕಸವೆಂದು ಕಿತ್ತು ಅಂಗಳಕ್ಕೆ ಹಾಕಿದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ಸುಣ್ಣ ತೊಳೆದುಹೋಗಿ ಹಲಗೆಯ ಮೇಲೆ ಕೊನೆಯ ತೀರ್ಪಿನ ಚಿತ್ರ ಕಂಡಿತು. ಈಗ ಅದು ಚರ್ಚಿನ ಒಳಗಿದೆ.

ಮೂರ್ತಿ ಒಡೆದದ್ದೆಲ್ಲ ಆಲಿವರ್ ಕ್ರಾಮ್‌ವೆಲ್ ಅಲ್ಲವೇ?

ಊರೂರಿನಲ್ಲೂ ಹಾಗೇ ಹೇಳುತ್ತಾರೆ. ಹೆಚ್ಚಿನ ನಾಶ, 17ನೆಯ ಶತಮಾನದಲ್ಲಿ ದೊರೆಯ ವಿರುದ್ಧ ಸಂಸತ್ತಿನ ಸೇನೆ ನಡೆಸಿದ ಆ ಕ್ರಾಮ್‌ವೆಲ್ ಹುಟ್ಟುವ ಅರ್ಧ ಶತಮಾನ ಮುಂಚೆಯೇ ಆಗಿಹೋಗಿತ್ತು. 1643–44ರ ಎರಡನೆಯ ಅಲೆಯಲ್ಲಿ ಕೇಂಬ್ರಿಜ್‌ಷೈರ್ ಮತ್ತು ಸಫೋಕ್ ಚರ್ಚುಗಳನ್ನು ಸುತ್ತಿ ಚಿತ್ರ, ಗಾಜು, ದೇವದೂತರನ್ನು ಒಡೆಸಿದವನು ವಿಲಿಯಂ ಡೌಸಿಂಗ್; ಎಲ್ಲಿ ಏನು ಒಡೆದೆ ಎಂದು ದಿನಚರಿ ಬರೆದಿಟ್ಟಿದ್ದಾನೆ. ಬ್ಲೈಬರಾ ಚರ್ಚಿನ ಮಾಡಿನ ಮರದ ದೇವದೂತರಲ್ಲಿ ಸೀಸದ ಗುಂಡುಗಳು ಸಿಕ್ಕಾಗ ಅದನ್ನೂ ಅವನ ತಲೆಗೇ ಕಟ್ಟಿದ್ದರು. ಆದರೆ ಅವು 18ನೆಯ ಶತಮಾನದಲ್ಲಿ ಮಾಡಿನೊಳಗೆ ಗೂಡು ಕಟ್ಟುತ್ತಿದ್ದ ಕಾಗೆ ಜಾತಿಯ ಹಕ್ಕಿಗಳಿಗೆ ಹಾರಿಸಿದ ಗುಂಡುಗಳು. ಮದ್ದುಗುಂಡಿನ ಖರ್ಚು ಚರ್ಚಿನ ಲೆಕ್ಕಪುಸ್ತಕದಲ್ಲೇ ಇದೆ.

ಗೋಡೆಯಲ್ಲಿ ಅಲ್ಲಲ್ಲಿ ಕಾಣುವ ಗೂಡು, ತೂತುಗಳು ಏನಕ್ಕೆ?

ಬಲಿಪೀಠದ ದಕ್ಷಿಣಕ್ಕೆ ಬಟ್ಟಲಿನಂತೆ ಕೊರೆದು ತಳದಲ್ಲಿ ತೂತಿರುವ ಗೂಡು ಪಿಸೀನ: ಪೂಜೆಯ ಪಾತ್ರೆ ತೊಳೆದ ನೀರು ಅಲ್ಲಿಂದ ಪವಿತ್ರ ನೆಲಕ್ಕೇ ಇಂಗಬೇಕು. ಪಕ್ಕಸಾಲಿನಲ್ಲಿ ಪಿಸೀನ ಕಂಡರೆ ಅಲ್ಲೊಂದು ಬಲಿಪೀಠ ಇತ್ತೆಂದು ಖಚಿತವಾಗಿ ತಿಳಿಯಬಹುದು. ಅದರ ಪಕ್ಕದ ಮೂರು ಕಲ್ಲಾಸನಗಳು ಪೂಜೆ ನಡೆಸುವವರಿಗೆ. ಉತ್ತರದ ಗೋಡೆಯಲ್ಲಿ ಬಾಗಿಲಿನ ತೋಡಿರುವ ಗೂಡು ಪಾತ್ರೆ ಇಡುವ ಕಪಾಟು. ದಕ್ಷಿಣ ಬಾಗಿಲ ಬಳಿ ಹೊರಗೋಡೆಯ ಮೇಲೆ ಅರೆವೃತ್ತದಲ್ಲಿ ಗೀಚಿದ ಗೆರೆ, ನಡುವೆ ತೂತು ಇದ್ದರೆ ಪೂಜೆಯ ಹೊತ್ತು ತೋರಿಸುವ ಬಿಸಿಲ ಗಡಿಯಾರ; ತೂತಿಗೆ ಕಡ್ಡಿ ಸಿಕ್ಕಿಸುತ್ತಿದ್ದರು. ಚಾನ್ಸೆಲ್‌ನಲ್ಲಿ ತೀರಾ ತಗ್ಗಿನಲ್ಲಿರುವ ಕಿಟಕಿಯನ್ನು ಕುಷ್ಠರೋಗಿಗಳು ಹೊರಗೆ ನಿಂತು ನೋಡುತ್ತಿದ್ದ ಕಿಟಕಿ ಎನ್ನುತ್ತಾರೆ. ಆಧಾರವಿಲ್ಲ. ಪೂಜೆಯ ಮುಖ್ಯ ಗಳಿಗೆಯಲ್ಲಿ ಅಲ್ಲಿಂದ ಕೈಗಂಟೆ ಬಾರಿಸುತ್ತಿದ್ದರು ಎಂಬುದು ಹೆಚ್ಚು ಒಪ್ಪುವ ವಿವರಣೆ.

ಚಾನ್ಸೆಲ್ ಸ್ವಲ್ಪ ಓರೆಯಾಗಿರುವುದು ಶಿಲುಬೆಯ ಮೇಲೆ ಯೇಸುವಿನ ತಲೆ ವಾಲಿದ್ದರ ಸಂಕೇತವಂತೆ?

ಅಲ್ಲ. ಹಳೆಯ ಚರ್ಚು ನಿಂತಿರುವಾಗಲೇ ಅದರಾಚೆ ಹೊಸ ಚಾನ್ಸೆಲ್‌ಗೆ ಹಗ್ಗ ಹಿಡಿದರೆ ನೇರ ರೇಖೆ ತಪ್ಪುತ್ತದೆ. ಎರಡೂ ದಿಕ್ಕಿಗೆ ವಾಲಿದ ಚಾನ್ಸೆಲ್‌ಗಳಿರುವುದೇ ಇದಕ್ಕೆ ಸಾಕ್ಷಿ.

ಕಂಬಗಳ ಮೇಲಿನ ಗೀಚುಬರಹ ಈಚಿನ ಹುಡುಗರದೇ?

ಕೆಲವು. ಆದರೆ ಟಾರ್ಚನ್ನು ಗೋಡೆಗೆ ಒತ್ತಿ, ಬೆಳಕು ಓರೆಯಾಗಿ ಹರಿಯುವಂತೆ ಹಿಡಿದರೆ ಮಧ್ಯಯುಗದ ಗೀಚು ಕಾಣಿಸುತ್ತದೆ: ಕೈವಾರದಿಂದ ಬರೆದ ಆರೆಸಳಿನ ಹೂ, ಹಡಗು, ಲಾಂಛನ, ಕಲ್ಲುಕುಟಿಗರ ಗುರುತು. ಹರ್ಟ್‌ಫರ್ಡ್‌ಷೈರಿನ ಆಶ್ವೆಲ್ ಚರ್ಚಿನ ಗೋಪುರದ ಒಳಗೋಡೆಯಲ್ಲಿ ಲ್ಯಾಟಿನ್ನಿನಲ್ಲಿ 1350ರ ಪ್ಲೇಗಿನ ಭೀಕರತೆ, ಮತ್ತು ಅದರ ಮುಂದಿನ ಸುತ್ತಿನ ಪ್ಲೇಗಿನ ಬೆನ್ನಿಗೇ 1362ರ ಜನವರಿಯಲ್ಲಿ ಬಂದ ಬಿರುಗಾಳಿಯ ಪ್ರಸ್ತಾಪವಿದೆ. ಗೀಚಿದವರು ಯಾರೋ, ಬದುಕುಳಿದವರು.

ವಿಕ್ಟೋರಿಯಾ ಕಾಲದವರು ಚರ್ಚುಗಳನ್ನು ಕೆಡಿಸಿದರೆ, ಉಳಿಸಿದರೆ?

ಎರಡೂ. ಕಿಲ್‌ಪೆಕ್‌ನಲ್ಲಿ 1840ರ ದಶಕದಲ್ಲಿ ವಾಸ್ತುಶಿಲ್ಪಿ ಲೂಯಿಸ್ ನಾಕಲ್ಸ್ ಕಾಟಿಂಗಮ್ ಕೈಗೊಂಡ ಜೀರ್ಣೋದ್ಧಾರ ಸಂಯಮದ್ದು. ಬೇರೆ ಕಡೆ ಸೋರುವ ಮಾಡುಗಳನ್ನು ಸರಿಪಡಿಸಿದ ಅದೇ ಜನ ಒಳಗೋಡೆಯ ಗಾರೆಯನ್ನು, ಚಿತ್ರ ಸಮೇತ, ಕೆರೆದು ಕಲ್ಲು ಬತ್ತಲೆ ಮಾಡಿದರು. ಮಧ್ಯಯುಗದವರು ಒರಟುಗಲ್ಲನ್ನು ಹಾಗೆ ತೋರಿಸುತ್ತಲೇ ಇರಲಿಲ್ಲ. ಈ ಅತಿರೇಕದ ವಿರುದ್ಧ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಯ ಸಂಘ ಕಟ್ಟಿದ. ಕಾಲದ ಎಲ್ಲ ಪದರಗಳನ್ನೂ ಉಳಿಸಿ, ಬೇಕಾದಷ್ಟೇ ರಿಪೇರಿ ಮಾಡಿ ಎನ್ನುವುದು ಅದರ ವಾದ. ಇಂದಿನ ಸಂರಕ್ಷಣೆಯ ನೀತಿ ಬಹುಪಾಲು ಅಲ್ಲಿಂದ ಬಂದದ್ದು.

ಗೋಡೆಗಳಲ್ಲಿ ತೇವ ಏಕೆ? ಸರಿಪಡಿಸುವುದು ಹೇಗೆ?

ಹಳೆಯ ಗೋಡೆ ಎರಡು ಕಲ್ಲಿನ ಪದರ, ನಡುವೆ ಚೂರುಗಲ್ಲು ಮತ್ತು ಸುಣ್ಣದ ಗಾರೆ. ದಪ್ಪ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ದಾಟುವವರೆಗೆ. ಇದು ನೀರನ್ನು ಪೂರ್ತಿ ತಡೆಯುವುದಿಲ್ಲ, ಹೀರಿಕೊಂಡು ಸಂದುಗಳ ಮೂಲಕ ಆರಿಸುತ್ತದೆ. 20ನೆಯ ಶತಮಾನದಲ್ಲಿ ಸಂದುಗಳಿಗೆ ಸಿಮೆಂಟ್ ಮೆತ್ತಿದಾಗ ಆ ದಾರಿ ಮುಚ್ಚಿತು. ನೀರು ಈಗ ಕಲ್ಲಿನ ಮುಖದಿಂದಲೇ ಹೊರಬರಬೇಕು. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಂದು ಗಟ್ಟಿಯಾಗಿ ಎದ್ದು ನಿಂತು ಕಲ್ಲು ಒಳಗೆ ಸವೆದಿದ್ದರೆ ಕಾರಣ ಸಿಮೆಂಟೇ.

ಆದರೆ ಗಾರೆಗೆ ಕೈಹಾಕುವ ಮುಂಚೆ ನೀರಿನ ಮೂಲ ನೋಡಬೇಕು. ಮಾಡಿನ ನೀರು ಹಿಡಿಯುವ ದೋಣಿ, ಇಳಿಕೊಳವೆಗಳನ್ನು ವರ್ಷಕ್ಕೆ ಎರಡು ಸಲವಾದರೂ, ಒಂದು ಸಲ ಎಲೆ ಉದುರಿ ಮುಗಿದ ಮೇಲೆ, ತೆರವು ಮಾಡಬೇಕು. ಜೋರು ಮಳೆಯಲ್ಲಿ ಛತ್ರಿ ಹಿಡಿದು ಒಂದು ಸುತ್ತು ಬಂದರೆ ಸಿಗುವ ಮಾಹಿತಿ ಯಾವ ಉಪಕರಣವೂ ಕೊಡುವುದಿಲ್ಲ. ಆಮೇಲೆ ನೆಲ: ಶತಮಾನಗಳ ಹೂಳುವಿಕೆಯಿಂದ ಅಂಗಳದ ಮಟ್ಟ ಏರಿ, ಒಳಗಿನ ನೆಲ ತಗ್ಗಾಗಿರುತ್ತದೆ. ಗೋಡೆಯ ಬುಡದಲ್ಲಿ ಜಲ್ಲಿ ತುಂಬಿದ ಕಾಲುವೆ ತೋಡುವುದುಂಟು. ಅಡಿಪಾಯಕ್ಕಿಂತ ಆಳ ಹೋದರೆ ಗೋಡೆಯೇ ಕುಸಿಯಬಹುದು, ಮತ್ತು ಅಲ್ಲಿ ಮೂಳೆಗಳು ಸಿಗುವುದು ಖಚಿತ, ಆದ್ದರಿಂದ ಪುರಾತತ್ತ್ವದವರು ಜೊತೆಗಿರಬೇಕು.

ಸಂದು ತುಂಬುವ ಕೆಲಸ ಹೀಗೆ: ಸಿಮೆಂಟನ್ನು ಉಳಿಯಿಂದ ಕೈಯಲ್ಲೇ ಬಿಡಿಸಿ, ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆಯುವುದು. ಯಂತ್ರದ ಗರಗಸ ಕಲ್ಲಿನ ಅಂಚನ್ನು ತಿನ್ನುತ್ತದೆ. ಧೂಳು ತೆಗೆದು ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳಿನ ಗಾರೆಯನ್ನು ಒತ್ತಿ ತುಂಬುವುದು. ತುಸು ಬಿಗಿದ ಮೇಲೆ ಬಿರುಸು ಬ್ರಷ್ಷಿನಿಂದ ತಟ್ಟಿ ಮುಖ ಬಿಡಿಸುವುದು, ಒದ್ದೆ ಗೋಣಿಬಟ್ಟೆ ಹೊದಿಸಿ ನಿಧಾನ ಆರಲು ಬಿಡುವುದು. ಬೇಗ ಆರಿದರೆ ಪುಡಿಯಾಗುತ್ತದೆ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಇದ್ದಾಗ ಮಾಡಿದರೆ ಹಿಮಕ್ಕೆ ಒಡೆದು ಬೀಳುತ್ತದೆ. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು.

ಸೀಸದ ಮಾಡು ಏಕೆ ಹಾಳಾಗುತ್ತದೆ?

ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತಾ ಇಳಿಜಾರಿನಲ್ಲಿ ಮೆಲ್ಲನೆ ಕೆಳಗೆ ಜಾರುತ್ತದೆ. ಹಾಳೆ ತೀರಾ ದೊಡ್ಡದಾಗಿದ್ದರೆ, ಅಥವಾ ಎಲ್ಲ ಕಡೆ ಬಿಗಿಯಾಗಿ ಮೊಳೆ ಹೊಡೆದಿದ್ದರೆ, ಅಲುಗಾಡಲು ಜಾಗವಿಲ್ಲದೆ ಸೀಳುತ್ತದೆ. ಚರ್ಚುಗಳಿಗೆ ಸಾಮಾನ್ಯವಾಗಿ 3.15 ಅಥವಾ 3.55 ಮಿ.ಮೀ. ದಪ್ಪದ ಹಾಳೆ. ಇನ್ನೊಂದು ಶತ್ರು ಕಳ್ಳರು. ಒಂದೇ ರಾತ್ರಿಯಲ್ಲಿ ಇಡೀ ಪಕ್ಕಸಾಲಿನ ಸೀಸ ಹೋಗುತ್ತದೆ, ಮುಂದಿನ ಮಳೆಯವರೆಗೆ ಗೊತ್ತೂ ಆಗುವುದಿಲ್ಲ. ಕಳವಾದ ಕಡೆ ಈಗ ಲೇಪನ ಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಹಾಕಲು ಅನುಮತಿ ಕೊಡುವುದು ಹೆಚ್ಚುತ್ತಿದೆ. ದೂರದಿಂದ ಸೀಸದಂತೆಯೇ ಕಾಣುತ್ತದೆ, ಮಾರಿದರೆ ಬೆಲೆಯಿಲ್ಲ.

ಊರವರು ತಾವೇ ಬದಲಾವಣೆ ಮಾಡಬಹುದೇ?

ಪಾದ್ರಿಯೂ ತಾನಾಗಿ ಮಾಡುವಂತಿಲ್ಲ. ಬೆಂಚು ತೆಗೆಯುವುದಕ್ಕೂ ಶೌಚಾಲಯ ಕಟ್ಟುವುದಕ್ಕೂ ಫ್ಯಾಕಲ್ಟಿ ಎಂಬ ಲಿಖಿತ ಅನುಮತಿ ಬೇಕು. ಡಯಾಸಿಸ್‌ನ, ಅಂದರೆ ಬಿಷಪ್ಪರ ಆಡಳಿತ ವಲಯದ, ನ್ಯಾಯಾಧೀಶರು ತಜ್ಞರ ಸಮಿತಿಯ ಸಲಹೆ ಪಡೆದು ಕೊಡುತ್ತಾರೆ. ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯಿಂದ ಅಥವಾ ಸರ್ವೇಯರನಿಂದ ತಪಾಸಣೆ ಕಡ್ಡಾಯ, 1955ರಿಂದ ಬಂದ ನಿಯಮ. ಬಾವಲಿಗಳಿದ್ದರೆ ಪರವಾನಗಿಯಿಲ್ಲದೆ ಅವನ್ನು ಓಡಿಸುವುದೂ ಅಪರಾಧ. ಅವುಗಳ ಮೂತ್ರ ಹಿತ್ತಾಳೆಯನ್ನೂ ಗೋಡೆಚಿತ್ರವನ್ನೂ ತಿನ್ನುತ್ತದೆ ಎಂದು ಗೊತ್ತಿದ್ದರೂ ಕಾನೂನು ಅವುಗಳ ಪರ.

ಹಳೆಯ ಕುಟುಂಬಗಳ ದಾಖಲೆ ಚರ್ಚಿನಲ್ಲೇ ಸಿಗುತ್ತದೆಯೇ?

ದೀಕ್ಷಾಸ್ನಾನ, ಮದುವೆ, ಹೂಳುವಿಕೆ ಬರೆದಿಡಬೇಕೆಂದು 1538ರಲ್ಲಿ 8ನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ (ಆಲಿವರ್ ಅಲ್ಲ) ಆಜ್ಞೆ ಹೊರಡಿಸಿದ. ಹಳೆಯ ಪುಸ್ತಕಗಳು ಈಗ ಹೆಚ್ಚಾಗಿ ಕೌಂಟಿಯ ದಾಖಲೆ ಕಚೇರಿಯಲ್ಲಿವೆ. ಚರ್ಚಿಗೆ ಹೋಗಿ ಹುಡುಕಿದರೆ ಸಿಗುವುದಿಲ್ಲ.

ನೋಡಲು ಹೋಗುವಾಗ ಏನು ಒಯ್ಯಬೇಕು, ಏನು ಗಮನಿಸಬೇಕು?

ದುರ್ಬೀನು ಮತ್ತು ಟಾರ್ಚು. ಕಿಲ್‌ಪೆಕ್‌ನ ಚಾಚುಗಲ್ಲುಗಳಿಗೆ ದುರ್ಬೀನು ಬೇಕೇ ಬೇಕು. ಹೆರೆಫರ್ಡ್‌ನಿಂದ ಎ465 ರಸ್ತೆ ಹಿಡಿದು ಆಬರ್ಗವೆನಿ ಕಡೆ ಹೋಗುತ್ತಾ ತಿರುವಿನ ಫಲಕ ನೋಡಿ. ಕೊನೆಯ ದಾರಿ ಕಿರಿದು, ಎದುರಿನ ಗಾಡಿಗೆ ಹಿಂದೆ ಸರಿಯಬೇಕಾಗಬಹುದು. ದಕ್ಷಿಣ ಬಾಗಿಲಿಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತು ಕೆತ್ತನೆಯ ಆಳ ಚೆನ್ನಾಗಿ ಕಾಣುತ್ತದೆ, ನೆತ್ತಿಯ ಬಿಸಿಲಿಗೆ ಚಪ್ಪಟೆಯಾಗುತ್ತದೆ. ಹಳ್ಳಿ ಚರ್ಚುಗಳ ಬಾಗಿಲಿನ ಕಬ್ಬಿಣದ ಬಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಎಷ್ಟೋ ಜನ ಬೀಗ ಹಾಕಿದೆ ಎಂದುಕೊಂಡು ವಾಪಸಾಗುತ್ತಾರೆ. ನಿಜವಾಗಿ ಬೀಗವಿದ್ದರೆ ಬೀಗದ ಕೈ ಯಾರ ಬಳಿ ಎಂದು ಮುಖಮಂಟಪದ ಫಲಕದಲ್ಲಿ ಬರೆದಿರುವುದುಂಟು. ಭಾನುವಾರ ಬೆಳಿಗ್ಗೆ ಪೂಜೆ ಇರಬಹುದು, ಆ ಹೊತ್ತು ಬಿಟ್ಟು ಹೋಗಿ. ಒಳಗೆ ಹೋಗಲು ದುಡ್ಡಿಲ್ಲ, ಕಾಣಿಕೆ ಪೆಟ್ಟಿಗೆ ಇರುತ್ತದೆ. ಮಂಟಪದಲ್ಲಿ ತಂತಿಬಲೆಯ ಬಾಗಿಲಿದ್ದರೆ ಹೊರಡುವಾಗ ಮುಚ್ಚಿ. ಒಳಹೊಕ್ಕ ಹಕ್ಕಿ ಹೊರಬರಲಾರದೆ ನೀರಿಲ್ಲದೆ ಸಾಯುತ್ತದೆ.